ರಕ್ಷಣೆ ಹೊಂದಿದ ಅಣ್ಣ, ಬಾಕಿ ಉಳಿದ ಲೆಕ್ಕ: ನಂಬಿಕೆ ದಿನದ ಬದುಕಿಗೆ ಇಳಿಯುವುದು ಹೇಗೆ?

ಕಿರಿಯವ:
ಎಲ್ಲರಿಗೂ ವಂದನೆಗಳು. ಬಹಳ ದಿನದಿಂದ ಮನಸ್ಸಿನಲ್ಲಿರುವ ಪ್ರಶ್ನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನನ್ನ ಅಣ್ಣ ಯೇಸುವನ್ನು ನಂಬಿ ರಕ್ಷಣೆ ಹೊಂದಿ ಕೆಲವು ವರ್ಷಗಳಾದವು. ಕುಡಿತ ಪೂರ್ತಿ ಬಿಟ್ಟ. ಬೆಳಿಗ್ಗೆ ಎದ್ದು ಬೈಬಲ್ ವಾಕ್ಯ ಓದುತ್ತಾನೆ. ಚರ್ಚಿನ ಸಭೆಯಲ್ಲಿ ಅವನು ದೇವರು ತನ್ನನ್ನು ಬದಲಿಸಿದ ಸಾಕ್ಷಿ ಹೇಳಿದರೆ ಕೂತವರ ಕಣ್ಣು ಒದ್ದೆಯಾಗುತ್ತದೆ. ಇದು ನಾಟಕ ಅಲ್ಲ, ನಾನು ಹತ್ತಿರದಿಂದ ನೋಡಿದ್ದೇನೆ. ಅವನು ನಿಜವಾಗಿಯೂ ಬದಲಾಗಿದ್ದಾನೆ.

ಆದರೆ ಅಪ್ಪ ತೀರಿಕೊಂಡಾಗ ಬಂದ ದುಡ್ಡಿನಲ್ಲಿ ನನ್ನ ಪಾಲನ್ನೂ ಅವನೇ ಇಟ್ಟುಕೊಂಡಿದ್ದ. ಆಗಿನ ಅವನ ಸ್ಥಿತಿಯಲ್ಲಿ ಅದು ಎಲ್ಲಿ ಹೋಯಿತು ಅಂತ ಹೇಳಬೇಕಾಗಿಲ್ಲ. ಈಗ ಅದರ ಮಾತೇ ಇಲ್ಲ. ಒಮ್ಮೆ ನಾನೇ ಎತ್ತಿದೆ. "ಅದೆಲ್ಲ ಹಳೇ ಮನುಷ್ಯ ಮಾಡಿದ್ದು ಕಣೋ. ಅವನು ಕ್ರಿಸ್ತನ ಜೊತೆ ಸತ್ತುಹೋದ. ದೇವರು ಕ್ಷಮಿಸಿದ್ದಾನೆ, ನೀನೂ ಬಿಟ್ಟುಬಿಡು" ಅಂದ.

ದೇವರು ಕ್ಷಮಿಸಿದ್ದಾನೆ, ಸರಿ. ನನ್ನನ್ನು ಯಾರೂ ಕೇಳಲಿಲ್ಲ ಅಲ್ವಾ? ನಾನೂ ವಿಶ್ವಾಸಿಯೇ. ರಕ್ಷಣೆ ಅಂದರೆ ಸತ್ತ ಮೇಲೆ ಪರಲೋಕ ಸಿಗುತ್ತದೆ ಅನ್ನುವ ಭರವಸೆ ಮಾತ್ರವಾ? ಅಥವಾ ಮನೆಯೊಳಗಿನ ಇಂಥ ಲೆಕ್ಕಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ವಾಕ್ಯಪ್ರಿಯ:
ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಎಚ್ಚರಿಕೆಯ ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಹಿಂದಿರುಗಿಸಿದರೆ ಮಾತ್ರ ರಕ್ಷಣೆ ನಿಜ ಅಂತ ನಾವು ಹೇಳಲು ಶುರು ಮಾಡಿದರೆ, ಸುವಾರ್ತೆಯನ್ನೇ ಕೈಬಿಟ್ಟ ಹಾಗೆ. ಎಫೆಸದವರಿಗೆ ಬರೆದ ಪತ್ರ 2:8-9 ಸ್ಪಷ್ಟವಾಗಿದೆ. ಕೃಪೆಯಿಂದ, ನಂಬಿಕೆಯ ಮೂಲಕ. ನಮ್ಮ ಕ್ರಿಯೆಗಳಿಂದ ಅಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಯಾರಿಗೆ ಏನು ಹಿಂದಿರುಗಿಸಿದ? ಏನೂ ಇಲ್ಲ. ಆದರೂ ಅದೇ ದಿನ ಪರದೈಸಿನಲ್ಲಿ ಇರುತ್ತೀ ಎಂಬ ಮಾತು ಅವನಿಗೆ ಸಿಕ್ಕಿತು. ನಿಮ್ಮ ಅಣ್ಣನ ರಕ್ಷಣೆಯನ್ನು ತೂಗುವುದು ನಮ್ಮ ಕೆಲಸ ಅಲ್ಲ.

ಸಭಾಸೇವಕ:
ವಾಕ್ಯಪ್ರಿಯ ಅವರೇ, ಅಣ್ಣನ ರಕ್ಷಣೆಯನ್ನು ತೂಗಬಾರದು ಅನ್ನುವುದು ಒಪ್ಪಿದೆ. ಆದರೆ ಎಫೆಸ 2ನ್ನು 9ನೇ ವಚನಕ್ಕೇ ನಿಲ್ಲಿಸಬೇಡಿ. 10ನೇ ವಚನ ಓದಿ. ದೇವರು ಮೊದಲೇ ಸಿದ್ಧಮಾಡಿಟ್ಟ ಒಳ್ಳೆಯ ಕೆಲಸಗಳನ್ನು ಮಾಡಲಿಕ್ಕಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಯಾದೆವು ಅಂತ ಅಲ್ಲಿದೆ. ಕ್ರಿಯೆಗಳಿಂದ ಅಲ್ಲ, ಆದರೆ ಕ್ರಿಯೆಗಳಿಗಾಗಿ. ಎರಡೂ ಒಂದೇ ಉಸಿರಿನಲ್ಲಿ ಬಂದಿವೆ.

ಆ ಕಳ್ಳನ ಬಗ್ಗೆಯೂ ಒಂದು ಮಾತು. ಅವನ ಕೈಗೆ ಮೊಳೆ ಬಿದ್ದಿತ್ತು. ಹಿಂದಿರುಗಿಸಲು ಸಾಧ್ಯವೇ ಇರಲಿಲ್ಲ. ಆದರೆ ಉಳಿದಿದ್ದ ಬಾಯಿಯಿಂದ ಏನು ಮಾಡಬಹುದೋ ಅದನ್ನು ಮಾಡಿದ. ನಮಗಾಗಿರುವ ಶಿಕ್ಷೆ ನ್ಯಾಯವಾದದ್ದೇ ಎಂದು ಎಲ್ಲರೆದುರು ಒಪ್ಪಿಕೊಂಡ. ಯೇಸುವನ್ನು ಹಂಗಿಸುತ್ತಿದ್ದ ಇನ್ನೊಬ್ಬನನ್ನು ಗದರಿಸಿದ. ಇನ್ನೊಂದು ವಾರ ಬದುಕಿದ್ದರೆ ಅವನು ಕದ್ದ ಮನೆಗಳ ಬಾಗಿಲು ತಟ್ಟುತ್ತಿದ್ದ ಅಂತಲೇ ನನಗೆ ಅನಿಸುತ್ತದೆ.

ಬದುಕಲು ಸಮಯ ಸಿಕ್ಕವನ ಕಥೆ ಬೇಕಾದರೆ ಲೂಕ 19 ನೋಡಿ. ಜಕ್ಕಾಯ ಯೆರಿಕೋವಿನಲ್ಲಿ ಸುಂಕದವರ ಮುಖ್ಯಸ್ಥ, ಹಣವಂತ. ಅಲ್ಲಿ ನಡೆದದ್ದರ ಕ್ರಮ ಗಮನಿಸಿ. ಅವನು ಯಾವ ಮಾತನ್ನೂ ಕೊಡುವ ಮೊದಲೇ ಯೇಸು ಅವನ ಹೆಸರು ಹಿಡಿದು ಕರೆದು, ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂದರು. ಊರವರು ಗೊಣಗಿದರು. ಕೃಪೆ ಮೊದಲು ಬಂತು. ಆಮೇಲೆ ಜಕ್ಕಾಯ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು ಅಂದ. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಮಾತಿನ ನಂತರ. 'ಈ ಹೊತ್ತು', 'ಈ ಮನೆಗೆ'. ಸತ್ತ ಮೇಲಿನ ವಿಷಯ ಆಗಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಆ ರಾತ್ರಿ ಯೆರಿಕೋವಿನಲ್ಲಿ ಯಾರು ಜಾಸ್ತಿ ಸಂತೋಷಪಟ್ಟಿರಬೇಕು ಹೇಳಿ? ಅವನಿಂದ ಸುಲಿಗೆಗೆ ಒಳಗಾದವರು. ಜಕ್ಕಾಯನ ರಕ್ಷಣೆ ಅವರ ಕೈಗೂ ಬಂತು.

ಕಿರಿಯವ:
ಸಭಾಸೇವಕರೇ, ಕೊನೆಯ ಸಾಲು ಓದಿ ಸುಮ್ನೆ ಕೂತುಬಿಟ್ಟೆ. ಅಣ್ಣನ ರಕ್ಷಣೆ ನನ್ನ ಕೈಗೆ ಬಂದಿಲ್ಲ. ನನಗೆ ಹೇಳಲು ಬಾರದೆ ಇದ್ದ ಮಾತು ಇದೇ.

ಗಂಟೆನಾದ:
ನಾನು ಕ್ಯಾಥೊಲಿಕ್. ನಮ್ಮಲ್ಲಿ ಇದನ್ನು ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಪಾಪನಿವೇದನೆಯಲ್ಲಿ ಗುರುಗಳು ಕ್ಷಮಾಪಣೆ ಕೊಟ್ಟರೆ ಪಾಪ ಹೋಯಿತು. ಆದರೆ ಪಾಪದಿಂದ ಆದ ಹಾನಿ ತಾನಾಗಿ ಹೋಗುವುದಿಲ್ಲ. ಕದ್ದಿದ್ದರೆ ಹಿಂದಿರುಗಿಸಬೇಕು. ಇನ್ನೊಬ್ಬರ ಹೆಸರು ಕೆಡಿಸಿದ್ದರೆ ಅದನ್ನು ಸರಿಪಡಿಸಬೇಕು. ಧರ್ಮೋಪದೇಶದಲ್ಲೇ ಹೀಗಿದೆ.

ಇದು ಕ್ರಿಯೆಗಳಿಂದ ರಕ್ಷಣೆ ಅಲ್ವಾ ಅಂತ ಪ್ರೊಟೆಸ್ಟೆಂಟ್ ಗೆಳೆಯರು ಕೇಳುತ್ತಾರೆ. ಮಾರ್ಟಿನ್ ಲೂಥರ್ ಸಭೆಯ ಬೋಧನೆಯನ್ನು ಪ್ರಶ್ನಿಸಿದ 1517ರಿಂದ ಇದೇ ಜಗಳ ನಡೆದದ್ದು. ಕ್ಯಾಥೊಲಿಕ್ ಬಿಷಪ್‌ಗಳ ಟ್ರೆಂಟ್ ಮಹಾಸಭೆ 1547ರಲ್ಲಿ ತನ್ನ ತೀರ್ಮಾನ ಬರೆಯಿತು, ಎರಡೂ ಕಡೆ ಬಾಗಿಲು ಮುಚ್ಚಿದವು. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಆತನ ಆತ್ಮವು ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕೆಲಸಗಳಿಗೆ ಕರೆಯುತ್ತದೆ ಎಂಬುದು ಅದರ ಸಾರ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟ ಇದಕ್ಕೆ ಸೇರಿಕೊಂಡವು. ಎಲ್ಲ ಭಿನ್ನಾಭಿಪ್ರಾಯ ಮುಗಿಯಿತು ಅಂತ ಅಲ್ಲ. ಆದರೆ ಕಿರಿಯವ ಅವರ ಅಣ್ಣ ಯಾವ ಸಭೆಯಲ್ಲೇ ಇರಲಿ, "ದೇವರು ಕ್ಷಮಿಸಿದ, ಆದ್ದರಿಂದ ನಿನಗೆ ಕೊಡಬೇಕಾಗಿಲ್ಲ" ಅನ್ನುವ ಬೋಧನೆ ಯಾವ ಕಡೆಯೂ ಸಿಗುವುದಿಲ್ಲ.

ವಾಕ್ಯಪ್ರಿಯ:
ಅದು ನಿಜ. ಲೂಥರ್ 1517ರಲ್ಲಿ ಬರೆದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪದ್ದಾಗಿರಬೇಕು ಎಂದು. ಒಂದು ದಿನ ಕೈ ಎತ್ತಿ ಮುಗಿಸುವುದಲ್ಲ. ನಾನು ಹೆದರುವುದು ಬೇರೆಯದಕ್ಕೆ. ಜನ ಕೃತಜ್ಞತೆಯಿಂದ ಕೊಡುವುದನ್ನು ಬಿಟ್ಟು ಭಯದಿಂದ ಕೊಡಲು ಶುರುಮಾಡುತ್ತಾರೆ. "ಎಷ್ಟು ಮಾಡಿದರೆ ಸಾಕು?" ಅಂತ ಪ್ರತಿ ರಾತ್ರಿ ಲೆಕ್ಕ ಹಾಕುವ ವಿಶ್ವಾಸಿಗಳನ್ನು ನಾನು ಬಲ್ಲೆ. ಅವರಿಗೆ ನಿದ್ದೆ ಇಲ್ಲ.

ರಾತ್ರಿಪಾಳಿ:
ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುವವಳು. ವಾಕ್ಯಪ್ರಿಯ ಅವರ ಕೊನೆಯ ಮಾತು ನನ್ನದೇ ಮನೆಯ ವಿಷಯ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಾರೆ. ನೆನಪು ಹೋಗಿದೆ. ರಾತ್ರಿ ಎರಡು ಗಂಟೆಗೆ ಹಾಸಿಗೆ ಒದ್ದೆ ಮಾಡಿಕೊಂಡು ಕೂಗುತ್ತಾರೆ. ಒಂದು ಕೈಯಲ್ಲಿ ಅವರನ್ನು ಪಕ್ಕಕ್ಕೆ ಹೊರಳಿಸಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಬಟ್ಟೆ ಸುರುಳಿ ಸುತ್ತಿ ಎಳೆಯಬೇಕು. ಆಗ ಅವರು ನನ್ನ ತೋಳು ಪರಚುತ್ತಾರೆ, ಬೈಯುತ್ತಾರೆ. ಯಾರು ಅಂತ ಗುರುತು ಸಿಗುವುದಿಲ್ಲ ಅವರಿಗೆ.

ಮೊದಲೆಲ್ಲ, ಇದನ್ನು ನಗುನಗುತ್ತಾ ಮಾಡಿದರೆ ಮಾತ್ರ ನಾನು ರಕ್ಷಣೆ ಹೊಂದಿದವಳು ಅಂದುಕೊಂಡಿದ್ದೆ. ಸಿಟ್ಟು ಬಂದ ದಿನ ಪ್ರಾರ್ಥನೆ ಮಾಡಲೂ ನಾಚಿಕೆ. ಸಹಾಯ ಕೇಳಿದರೆ ನನ್ನ ನಂಬಿಕೆ ಸೋತ ಹಾಗೆ ಅನಿಸುತ್ತಿತ್ತು. ಸಭೆಯ ಹಿರಿಯಕ್ಕ ಒಬ್ಬರು ಬಂದು ನೋಡಿದರು. "ದೇವರ ಮುಂದೆ ನಿನ್ನ ಲೆಕ್ಕ ಆಗಲೇ ತೀರಿದೆ ಕಣಮ್ಮ. ಇನ್ನು ಯಾರಿಗೆ ತೀರಿಸುತ್ತಿದ್ದೀ?" ಅಂದರು. ಮಾರನೇ ದಿನ ನಾದಿನಿಗೆ ಫೋನ್ ಮಾಡಿ, ವಾರದಲ್ಲಿ ಎರಡು ರಾತ್ರಿ ನೀನು ನೋಡಿಕೊಳ್ಳಲೇಬೇಕು ಅಂದೆ. ಅವಳು ಬರುತ್ತಾಳೆ.

ನನ್ನ ಪಾಲಿಗೆ ರಕ್ಷಣೆ ದಿನದ ಬದುಕಿಗೆ ಇಳಿದದ್ದು ಹೀಗೆ. ನಾನು ದೇವತೆ ಆಗಬೇಕಾಗಿಲ್ಲ. ಕ್ರಿಸ್ತ ನನ್ನನ್ನು ಆಗಲೇ ಸ್ವೀಕರಿಸಿದ್ದಾನೆ. ಅದಕ್ಕೆ ಸುಸ್ತಾಯಿತು ಅಂತ ಬಾಯಿಬಿಟ್ಟು ಹೇಳಬಲ್ಲೆ. ಆಶ್ಚರ್ಯ ಏನೆಂದರೆ, ಆಮೇಲೆ ಅತ್ತೆಯ ಮೇಲೆ ಸಿಟ್ಟು ಕಡಿಮೆಯಾಯಿತು.

ಸಭಾಸೇವಕ:
ಅಕ್ಕ, ದಯವಿಟ್ಟು ಆಗಾಗ ಬರೆಯುತ್ತಿರಿ.

ಹೊಸಬೆಳಗು:
ನನ್ನ ಪ್ರಶ್ನೆ ಸ್ವಲ್ಪ ಬೇರೆ. ನನಗೆ ಏನೂ ಅನಿಸುವುದೇ ಇಲ್ಲ. ದೀಕ್ಷಾಸ್ನಾನ ಆಗಿದೆ, ನಂಬಿದ್ದೇನೆ. ಆದರೆ ಒಂದು ವರ್ಷದಿಂದ ಮನಸ್ಸು ಬರಡು. ವೈದ್ಯರು ಖಿನ್ನತೆ ಅಂದಿದ್ದಾರೆ, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸಭೆಯಲ್ಲಿ ಒಬ್ಬರು "ರಕ್ಷಣೆಯ ಸಂತೋಷ ಇಲ್ಲ ಅಂದರೆ ಎಲ್ಲೋ ಪಾಪ ಇದೆ" ಅಂದರು. ಅಂದಿನಿಂದ ಇನ್ನೂ ಕುಸಿದಿದ್ದೇನೆ.

ಸಭಾಸೇವಕ:
ತಂಗೀ ಅಥವಾ ತಮ್ಮಾ, ಆ ಮಾತನ್ನು ಮನಸ್ಸಿನಿಂದ ಕಿತ್ತು ಹಾಕಿ. ಅದು ಸುವಾರ್ತೆ ಅಲ್ಲ.

88ನೇ ಕೀರ್ತನೆ ಓದಿ. ಬೇರೆ ಶೋಕದ ಕೀರ್ತನೆಗಳಲ್ಲಿ ಸಾಮಾನ್ಯವಾಗಿ ಕೊನೆಗಾದರೂ ಭರವಸೆಯ ಒಂದು ತಿರುವು ಬರುತ್ತದೆ. ಇದರಲ್ಲಿ ಬರುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಆದರೆ ಶುರುವಾಗುವುದು ಹೇಗೆ? ದೇವರನ್ನು 'ನನ್ನನ್ನು ರಕ್ಷಿಸುವ ದೇವರೇ' ಎಂದು ಕರೆಯುತ್ತಾ. ಬರೆದವನ ಪ್ರಾಣ ಕಷ್ಟದಿಂದ ತುಂಬಿದೆ, ಗೆಳೆಯರೂ ದೂರವಾಗಿದ್ದಾರೆ, ಆದರೂ ಕರೆಯುವುದನ್ನು ಬಿಟ್ಟಿಲ್ಲ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಗ್ರಂಥದಲ್ಲಿ ಇಟ್ಟುಕೊಂಡಿದ್ದಾನೆ. ಯೋಹಾನನ ಮೊದಲನೇ ಪತ್ರ 3:20ರಲ್ಲಿ, ನಮ್ಮ ಹೃದಯ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದಿದೆ. ನಿಮ್ಮ ರಕ್ಷಣೆ ನಿಮ್ಮ ಮನಸ್ಸಿನ ಹವಾಮಾನದ ಮೇಲೆ ನಿಂತಿಲ್ಲ. ಕ್ರಿಸ್ತ ಮಾಡಿ ಮುಗಿಸಿದ್ದರ ಮೇಲೆ ನಿಂತಿದೆ.

ಮಾತ್ರೆ ನಿಲ್ಲಿಸಬೇಡಿ. ವೈದ್ಯರನ್ನು ಬಿಡಬೇಡಿ. ಮೈ ಮನಸ್ಸು ಎರಡನ್ನೂ ಉಂಟುಮಾಡಿದವನು ಒಬ್ಬನೇ. ತೀರಾ ಕಷ್ಟ ಅನಿಸಿದ ರಾತ್ರಿ ಒಬ್ಬರೇ ಇರಬೇಡಿ, ಹತ್ತಿರದವರನ್ನು ಎಬ್ಬಿಸಿ.

ರಾತ್ರಿಪಾಳಿ:
ಹೊಸಬೆಳಗು, ನಿಮಗಾಗಿ ಪ್ರಾರ್ಥಿಸುತ್ತೇನೆ. ಹೇಗೂ ಆ ಹೊತ್ತಿನಲ್ಲಿ ಎಚ್ಚರ ಇರುತ್ತೇನೆ.

ದೀಪಸ್ತಂಭ:
ಮೂಲ ಪ್ರಶ್ನೆಗೆ ಬರುತ್ತೇನೆ. ಅಣ್ಣನಂಥವರನ್ನು ಕಪಟಿ ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ರಕ್ಷಣೆ ಒಬ್ಬ ಮನುಷ್ಯನ ಎಲ್ಲ ಕೋಣೆಗೂ ಒಂದೇ ದಿನ ಹೋಗುವುದಿಲ್ಲ.

ಜಾನ್ ನ್ಯೂಟನ್ ಬಗ್ಗೆ ಎಷ್ಟೋ ಜನ ಕೇಳಿರುತ್ತೀರಿ, ಕೃಪೆಯ ಕುರಿತ ಇಂಗ್ಲಿಷ್ ಕೀರ್ತನೆ ಬರೆದವರು. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಮುದ್ರದಲ್ಲಿ ಬಿರುಗಾಳಿಗೆ ಸಿಕ್ಕಿ, ಹಡಗು ಮುಳುಗುವ ಹಾಗಾದಾಗ ದೇವರನ್ನು ಕೂಗಿಕೊಂಡರು. ಆ ದಿನವನ್ನು ಬದುಕಿಡೀ ನೆನೆಸಿಕೊಳ್ಳುತ್ತಿದ್ದರು. ಸಾಕ್ಷಿಗಳಲ್ಲಿ ನಾವು ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಮುಂದಿನದನ್ನು ಹೇಳುವುದಿಲ್ಲ. ಅದರ ನಂತರ ಅವರು ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಕೆಲಸ ಮಾಡಿದರು. 1750ರಿಂದ 1754ರವರೆಗೆ ಅಂಥ ಹಡಗಿಗೆ ಅವರೇ ಕ್ಯಾಪ್ಟನ್. ಭಾನುವಾರ ಮೇಲಿನ ಅಟ್ಟದಲ್ಲಿ ಸಿಬ್ಬಂದಿಗೆ ಪ್ರಾರ್ಥನೆ ನಡೆಸುತ್ತಿದ್ದರು. ಕೆಳಗೆ ಸಂಕೋಲೆ ಹಾಕಿಸಿಕೊಂಡ ಆಫ್ರಿಕದ ಗಂಡಸರು ಮಲಗಿರುತ್ತಿದ್ದರು. ಎರಡಕ್ಕೂ ನಡುವೆ ಇದ್ದದ್ದು ಹಲಗೆ ಮಾತ್ರ. ಮೇಲಿನ ಪ್ರಾರ್ಥನೆ ಕೆಳಗೆ ಇಳಿಯಲಿಲ್ಲ. ಸಮುದ್ರ ಬಿಟ್ಟದ್ದು ಕೂಡ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಕಾಯಿಲೆ ಬಿದ್ದು. 1764ರಲ್ಲಿ ಸಭೆಯ ಪಾಲಕರಾದರು. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ತಾನು ಅದರಲ್ಲಿ ಕೈಯಾಡಿಸಿದವನು, ಈಗ ನೆನೆದರೆ ಎದೆ ನಡುಗುತ್ತದೆ ಎಂದು ಒಪ್ಪಿಕೊಂಡರು. ಕಂಡದ್ದನ್ನೆಲ್ಲ ವಿವರವಾಗಿ ಬರೆದರು. 1807ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಕೊನೆಯಲ್ಲಿ ಅವರು ತೀರಿಕೊಂಡರು.

ಬಿರುಗಾಳಿಯಿಂದ ಆ ಬರಹಕ್ಕೆ 40 ವರ್ಷ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಆ 40 ವರ್ಷದ ಬೆಲೆ ಕೊಟ್ಟವರು ಕೆಳಗಿನ ಜನ. ನಾನು ಹೇಳುವುದು ಇಷ್ಟೇ: ಕುಡಿತ ಬಿಟ್ಟದ್ದು, ಬೆಳಿಗ್ಗೆ ವಾಕ್ಯ ಓದುವುದು ನಿಜವಾದ ಬದಲಾವಣೆಯೇ. ಆದರೆ ಯಾರಾದರೂ ಬಂದು ಆ ಹಲಗೆ ಎತ್ತಿ ತೋರಿಸಬೇಕು. ಕಿರಿಯವ ಅವರೇ, ನಿಮ್ಮ ಅಣ್ಣನಿಗೆ ತೋರಿಸಬೇಕಾದವರು ಬಹುಶಃ ನೀವೇ.

ಕಿರಿಯವ:
ಅವನು ತಪ್ಪು ಮಾಡಿದ, ಹೋಗಿ ತೋರಿಸುವ ಭಾರವೂ ನನ್ನದೇನಾ? ಇದು ನ್ಯಾಯವಾ? ಇನ್ನೊಂದು. ನಾನು ಕ್ಷಮಿಸಬೇಕು ಅಂತ ಮತ್ತಾಯ 18ನ್ನು ಎಲ್ಲರೂ ನನ್ನ ಮುಂದೆ ಹಿಡಿಯುತ್ತಾರೆ.

ಸಭಾಸೇವಕ:
ಮತ್ತಾಯ 18ನ್ನು ನಿಮ್ಮ ಬಾಯಿ ಮುಚ್ಚಿಸಲು ಬಳಸಿದ್ದರೆ ತಪ್ಪು. ಆ ಅಧ್ಯಾಯವನ್ನೇ ನಿಧಾನವಾಗಿ ನೋಡೋಣ.

ಯೇಸು ಅಲ್ಲಿ ಹೇಳುವ ಸಾಮ್ಯದಲ್ಲಿ ರಾಜ ಒಬ್ಬ ಆಳಿನ ದೊಡ್ಡ ಸಾಲವನ್ನು ಬಿಟ್ಟುಬಿಡುತ್ತಾನೆ, ಆ ಆಳು ಹೊರಗೆ ಹೋಗಿ ತನಗೆ ಸಾಲ ಕೊಡಬೇಕಿದ್ದ ಜೊತೆ ಆಳಿನ ಕತ್ತು ಹಿಡಿಯುತ್ತಾನೆ. ಮೊದಲ ಆಳಿನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಗಳ ಕೂಲಿ. ಒಟ್ಟು 6 ಕೋಟಿ ದಿನಗಳ ಕೂಲಿ. ಯಾರೂ ತೀರಿಸಲಾಗದ ಮೊತ್ತ. ಎರಡನೆಯವನು ಅವನಿಗೆ ಕೊಡಬೇಕಾದದ್ದು ನೂರು ದಿನಾರಿ, ಅಂದರೆ ನೂರು ದಿನಗಳ ಕೂಲಿ. ಇದನ್ನು 'ಪುಡಿಗಾಸು' ಎಂದು ಬೋಧಿಸುವವರಿದ್ದಾರೆ. ದಿನಗೂಲಿಯವನಿಗೆ ಮೂರು ತಿಂಗಳಿಗೂ ಮೀರಿದ ಸಂಪಾದನೆ ಪುಡಿಗಾಸಾ? ಯೇಸು ಅದನ್ನು ಚಿಕ್ಕದು ಅನ್ನಲಿಲ್ಲ. ನಿಮಗೆ ಆದ ನಷ್ಟ ನಿಜವಾದದ್ದು. ಕ್ಷಮೆ ಅಂದರೆ ನಷ್ಟವೇ ಆಗಿಲ್ಲ ಎಂದು ನಟಿಸುವುದಲ್ಲ. ನನಗೆ ಬಿಟ್ಟುಕೊಟ್ಟ ಆ ದೊಡ್ಡ ಮೊತ್ತವನ್ನು ನೆನೆದು, ಅಣ್ಣನ ಕತ್ತು ಹಿಡಿಯುವ ಕೈಯನ್ನು ಸಡಿಲಿಸುವುದು. ಸಡಿಲಿಸಿದ ಮೇಲೂ ಕೂತು ಮಾತಾಡಬಹುದು.

ಅದೇ ಅಧ್ಯಾಯದ 15ನೇ ವಚನ, ನಿನ್ನ ಸಹೋದರನು ತಪ್ಪು ಮಾಡಿದರೆ ನೀನು ಹೋಗಿ, ಅವನೂ ನೀನೂ ಇಬ್ಬರೇ ಇರುವಾಗ ತಿಳಿಸು ಅನ್ನುತ್ತದೆ. ಹೌದು, ಭಾರ ನೊಂದವನ ಮೇಲೂ ಇದೆ. ಆದರೆ ಮತ್ತಾಯ 5:23-24 ನೋಡಿ. ಅಲ್ಲಿ ಭಾರ ನೋಯಿಸಿದವನ ಮೇಲೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನ ಜೊತೆ ಸಮಾಧಾನ ಮಾಡಿಕೋ. ಇಬ್ಬರಿಗೂ 'ಹೋಗು' ಅಂತಲೇ ಇದೆ. ಇಬ್ಬರೂ ಹೊರಟರೆ ದಾರಿಯಲ್ಲೇ ಭೇಟಿಯಾಗಬೇಕು.

ಗಂಟೆನಾದ:
ಫಿಲೆಮೋನನಿಗೆ ಬರೆದ ಪತ್ರವನ್ನೂ ಸೇರಿಸಿ. ಓನೇಸಿಮ ಗುಲಾಮ, ಯಜಮಾನ ಫಿಲೆಮೋನನನ್ನು ಬಿಟ್ಟು ದೂರವಾದವನು, ಅಪೊಸ್ತಲ ಪೌಲನ ಹತ್ತಿರ ನಂಬಿಕೆಗೆ ಬಂದವನು. ಅವನೀಗ ಹೊಸಬ, ಹಳೆಯದು ಬಿಡು ಅಂತ ಪೌಲ ಬರೆಯಲಿಲ್ಲ. ಅವನನ್ನು ದಾಸನಿಗಿಂತ ಮೇಲಾದ ಪ್ರಿಯ ಸಹೋದರನಾಗಿ ಸೇರಿಸಿಕೋ ಅಂದ. ಏನಾದರೂ ನಷ್ಟ ಮಾಡಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಟ್ಟ. ಸಭೆ ಅಂದರೆ ಹೀಗಿರಬೇಕು. ನಿಮ್ಮಿಬ್ಬರ ನಡುವೆ ಕೂರಲು ಅಂಥ ಒಬ್ಬ ಹಿರಿಯರು ಬೇಕು.

ದೀಪಸ್ತಂಭ:
ನನಗೆ ಇಷ್ಟವಾದ ಇನ್ನೊಂದು ಭಾಗ, ಅಪೊಸ್ತಲರ ಕೃತ್ಯಗಳು 16. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ "ರಕ್ಷಣೆ ಹೊಂದಲು ನಾನೇನು ಮಾಡಬೇಕು?" ಎಂದು ಕೇಳುತ್ತಾನೆ. ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು ಎಂಬ ಉತ್ತರ ಎಲ್ಲರಿಗೂ ಬಾಯಿಪಾಠ. ಮುಂದಿನ ಎರಡು ಮೂರು ವಚನ ಯಾರೂ ಹೇಳುವುದಿಲ್ಲ. ರಾತ್ರಿ ಅದೇ ಗಳಿಗೆಯಲ್ಲಿ ಅವನು ಪೌಲ ಸೀಲರ ಗಾಯ ತೊಳೆದ. ಅವರ ಬೆನ್ನಿಗೆ ಬಿದ್ದಿದ್ದ ಛಡಿ ಏಟಿನ ಗಾಯಗಳು. ಅದೇ ಬೆನ್ನುಗಳನ್ನು ಕೆಲವು ಗಂಟೆಗಳ ಹಿಂದೆ ಅವನೇ ಒಳಗಿನ ಕೋಣೆಗೆ ತಳ್ಳಿ, ಕಾಲಿಗೆ ಕೋಳ ಹಾಕಿಸಿದ್ದ. ಆಗ ನೀರು ಕೊಡಬೇಕು ಅಂತ ಹೊಳೆದಿರಲಿಲ್ಲ. ಈಗ ಹೊಳೆಯಿತು. ಆಮೇಲೆ ದೀಕ್ಷಾಸ್ನಾನ, ಆಮೇಲೆ ಮನೆಗೆ ಕರೆದೊಯ್ದು ಊಟ ಬಡಿಸಿದ. ಗಾಯ ತೊಳೆದದ್ದು ದೀಕ್ಷಾಸ್ನಾನಕ್ಕೂ ಮೊದಲು!

ವಾಕ್ಯಪ್ರಿಯ:
ಆ ಕ್ರಮವನ್ನು ನಾನು ಗಮನಿಸಿರಲಿಲ್ಲ. ಒಳ್ಳೆಯ ಮಾತು.

ಹಿರಿಯಓದುಗ:
ತಡವಾಗಿ ಬಂದೆ, ಒಂದು ಪ್ರಶ್ನೆ ಇದೆ. ನಾವು ಕೊಡಬೇಕಾದ ವ್ಯಕ್ತಿ ತೀರಿಕೊಂಡಿದ್ದರೆ? ನನ್ನ ಹಳೆಯ ಪಾಲುದಾರರಿಗೆ ನಾನು ಒಂದಿಷ್ಟು ಹಣ ಕೊಡುವುದು ಉಳಿದಿದೆ. ಅವರು ಹೋಗಿಬಿಟ್ಟರು.

ಗಂಟೆನಾದ:
ಹಳೆಯ ಒಡಂಬಡಿಕೆಯಲ್ಲಿ ಇದಕ್ಕೂ ನಿಯಮ ಇದೆ. ಅರಣ್ಯಕಾಂಡ 5:6-8. ತಪ್ಪು ಮಾಡಿದವನು ಅರಿಕೆ ಮಾಡಬೇಕು, ಪೂರ್ತಿ ಮೊತ್ತಕ್ಕೆ ಐದನೇ ಒಂದು ಪಾಲು ಸೇರಿಸಿ ನಷ್ಟವಾದವನಿಗೆ ಕೊಡಬೇಕು. ತೆಗೆದುಕೊಳ್ಳಲು ಹತ್ತಿರದ ಸಂಬಂಧಿಕರೂ ಇಲ್ಲದಿದ್ದರೆ ಅದು ಕರ್ತನಿಗೆ, ಯಾಜಕನ ಮೂಲಕ. ನಾವು ಇಂದು ಆ ಧರ್ಮಶಾಸ್ತ್ರದ ಕೆಳಗೆ ಇಲ್ಲ, ಆದರೆ ದಾರಿ ತೋರಿಸಲು ಸಾಕು. ಅವರ ಹೆಂಡತಿ ಮಕ್ಕಳು ಇದ್ದಾರಾ?

ಹಿರಿಯಓದುಗ:
ಮಗಳು ಇದ್ದಾರೆ. ಅವರಿಗೆ ಈ ಬಾಕಿಯ ವಿಷಯ ಗೊತ್ತೇ ಇಲ್ಲ.

ಸಭಾಸೇವಕ:
ಹಾಗಾದರೆ ಬಾಕಿ ಆ ಮಗಳಿಗೆ ಸಲ್ಲಬೇಕು. ಅವರಿಗೆ ಗೊತ್ತಿಲ್ಲ ಅನ್ನುವುದು ಇನ್ನೂ ಒಳ್ಳೆಯ ಕಾರಣ. ಲೆಕ್ಕ ಕಾಗದದಲ್ಲಿ ಬರೆದು ತೆಗೆದುಕೊಂಡು ಹೋಗಿ. ಏನು, ಯಾವಾಗಿನದು, ಎಷ್ಟು ಅಂತ ನೇರವಾಗಿ ಹೇಳಿ. ಅಲ್ಲಿ ನಿಮ್ಮ ಸಾಕ್ಷಿ ಹೇಳುವುದಕ್ಕೆ ಅವಸರ ಬೇಡ. ಅವರು ಕೇಳಿದರೆ ಹೇಳಿ.

ಕಿರಿಯವ:
ಎಲ್ಲರ ಮಾತನ್ನೂ ಎರಡು ಸಲ ಓದಿದೆ. ಅಣ್ಣನಿಗೆ ಈಗಷ್ಟೇ ಫೋನ್ ಮಾಡಿದೆ. ಈ ಶನಿವಾರ ನಾನು ಬರುತ್ತೇನೆ, ಅಪ್ಪನ ದುಡ್ಡಿನ ವಿಷಯ ಮಾತಾಡಬೇಕು, ಜಗಳಕ್ಕಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಮ್ಮ ಪಾಸ್ಟರನ್ನೂ ಕರೆಯಲಾ?" ಅಂದ. ಕರಿ ಅಂದೆ. ಪೂರ್ತಿ ಕೊಡಲು ಅವನ ಹತ್ತಿರ ಇಲ್ಲ, ಅದು ನನಗೂ ಗೊತ್ತು. ತಿಂಗಳಿಗೆ ಇಷ್ಟು ಅಂತ ಅವನೇ ಹೇಳಿದರೆ ಒಪ್ಪಿಕೊಳ್ಳುತ್ತೇನೆ. ಏನೂ ಹೇಳದಿದ್ದರೆ ಏನು ಮಾಡಬೇಕು ಅಂತ ಇನ್ನೂ ಗೊತ್ತಿಲ್ಲ. ಪ್ರಾರ್ಥಿಸಿ.

ರಾತ್ರಿಪಾಳಿ:
ಖಂಡಿತ. ಶನಿವಾರ ಎಷ್ಟು ಗಂಟೆಗೆ ಅಂತ ತಿಳಿಸಿ.